ಗಿಡ್ಡ ಹುಡುಗನನ್ನು ಆರಿಸಿದವರು ಯಾರು?

ನೆನಪನ್ನು ನಂಬಬಾರದೆಂದೇ ನಾನು ಡೈರಿ ಬರೆಯುವವನು. ಆದರೆ ಬರೆದದ್ದನ್ನು ತಿರುಗಿ ಓದುವ ಅಭ್ಯಾಸವಿಲ್ಲ. ಹೀಗಾಗಿ ನನ್ನ ಸುಳ್ಳುಗಳಿಗೆಲ್ಲ ಸಾಕ್ಷಿ ಕಪಾಟಿನಲ್ಲಿ ಸುರಕ್ಷಿತವಾಗಿತ್ತು.

ಸಿಡ್ನಿಯ ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ನನಗೂ ಮಂಗಳೂರಿನ ವಲೇರಿಯನ್ನನಿಗೂ ಒಂದೇ ಹುಚ್ಚು: ಸೋಲುವುದರಲ್ಲಿ ಪಳಗಿದ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡ. ಅಲ್ಲಿ ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹೆಚ್ಚು ಸೋತವರಿಗೆ ಮುಂಚಿನ ಸರದಿ ಸಿಗುವುದರಿಂದ ನಮಗೆ ಅದೊಂದೇ ಹಬ್ಬ. ಅವರ ರಾತ್ರಿ ನಮಗೆ ಬೆಳಿಗ್ಗೆಯಾದ್ದರಿಂದ, ‘ರಿಸೋರ್ಸ್ ಪ್ಲ್ಯಾನಿಂಗ್’ ಎಂದು ಹೆಸರು ಕೊಟ್ಟು ಅದನ್ನು ನೋಡಲು ಮೀಟಿಂಗ್ ರೂಮ್ ಬುಕ್ ಮಾಡುತ್ತಿದ್ದೆವು. ಮ್ಯಾನೇಜರ್ ನಮ್ಮ ಶ್ರದ್ಧೆಯನ್ನು ಹೊಗಳಿದ್ದೂ ಉಂಟು. ನಮ್ಮ ತಂಡದ ಡ್ರಾಫ್ಟ್ ಚರಿತ್ರೆಯೆಂದರೆ ಕೈಬಿಟ್ಟ ಒಳ್ಳೆಯವರ ಪಟ್ಟಿ, ಇಬ್ಬರಿಗೂ ಬಾಯಿಪಾಠ. ಅದರಲ್ಲಿ ಒಂದೇ ಒಂದು ಗೆಲುವು, ಯಾರೂ ಎಣಿಸದಿದ್ದ ಒಬ್ಬ ಗಿಡ್ಡ ಹುಡುಗನನ್ನು ಆರಿಸಿದ್ದು. ಮುಂದೆ ಅವನು ದೊಡ್ಡ ಆಟಗಾರನಾದ. “ಅವನೇ ಬೇಕೆಂದು ನಾನು ಅವತ್ತೇ ಹೇಳಿದ್ದೆ” ಎಂದು ಊಟದ ಮೇಜಿನಲ್ಲಿ ವರ್ಷಗಟ್ಟಲೆ ಹೇಳಿದೆ. ವಲೇರಿಯನ್ ಪಕ್ಕದಲ್ಲೇ ಕೂತು ನಗುತ್ತಿದ್ದ.

ಆಮೇಲೆ ಅವನು ಮೆಲ್ಬರ್ನಿಗೆ ಹೋದ, ಅಲ್ಲಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ. ಹೋದ ತಿಂಗಳು ತೀರಿಕೊಂಡ. ಅವನ ಹೆಂಡತಿ ಲವೀನಾ ಫೋನ್ ಮಾಡಿ, “ಪ್ರಾರ್ಥನೆ ಸಭೆಯಲ್ಲಿ ಆ ಗಿಡ್ಡ ಹುಡುಗನ ಕತೆ ಹೇಳಿ ಮಾರಾಯ್ರೆ” ಎಂದರು. ಯಾವ ವರ್ಷವೆಂದು ನೋಡಲು ಡೈರಿ ತೆಗೆದೆ. ನನ್ನದೇ ಅಕ್ಷರ: ‘ವಲೇರಿಯನ್ ಒಬ್ಬ ಗಿಡ್ಡನಿಗೆ ಅಂಟಿಕೊಂಡಿದ್ದಾನೆ. “ಎಂತ ಮಾರಾಯ, ನಿನಗೆ ಎತ್ತರ ಮಾತ್ರ ಕಾಣುವುದಾ? ಅವನ ಕೈ ನೋಡು” ಅನ್ನುತ್ತಾನೆ. ಪಾಪ, ವಲೇರಿಯನ್ನನಿಗೆ ಆಟ ತಿಳಿಯದು.’

ಕದ್ದ ಮಾಲು ನನ್ನ ಮನೆಯಲ್ಲೇ ಸಿಕ್ಕಿತು. ಕದ್ದದ್ದು ನನಗೇ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಮೆಲ್ಬರ್ನಿಗೆ ಹೋದವನು ಸಭೆಗೆ ಮುಂಚೆಯೇ ಲವೀನಾ ಎದುರು ಒಪ್ಪಿಕೊಂಡೆ.

“ಅವರಿಗೆ ಗೊತ್ತಿತ್ತಲ್ಲ!” ಎಂದರು ಆಕೆ. “ಯಾಕೆ ಸುಮ್ಮನಿರ್ತೀರಿ ಅಂತ ನಾನೇ ಕೇಳಿದ್ದೆ. ‘ಇರ್ಲಿ ಬಿಡು, ಆ ಕತೆ ಅವನ ಬಾಯಲ್ಲೇ ಚಂದ’ ಅಂದ್ರು.”

ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಯಾರೂ ನಗಲಿಲ್ಲ, ಒಬ್ಬರು ಗಡಿಯಾರ ನೋಡಿಕೊಂಡರು. ವಾಪಸು ಬರುವ ವಿಮಾನದಲ್ಲಿ ಡೈರಿ ತೆಗೆದು, ‘ಎಲ್ಲರೂ ಬಿದ್ದುಬಿದ್ದು ನಕ್ಕರು’ ಎಂದು ಬರೆದೆ. ಬರೆದದ್ದನ್ನು ಈಗ ಓದುತ್ತಿದ್ದೇನೆ. ತಿದ್ದೋಣವೆಂದರೆ ವಲೇರಿಯನ್ ಇಲ್ಲ. ಇದ್ದಾಗಲೂ ಅವನು ತಿದ್ದಿದವನಲ್ಲ.