ಚಂಪಿಯ ಪಕ್ಕಲಗಾಮು

ನೆಟ್ಟಗಿರುವುದೇ ಶಿಸ್ತು ಎಂಬ ನಂಬಿಕೆ ಒಮ್ಮೆ ಮೈಗೆ ಹತ್ತಿದರೆ, ಶಾಲೆ ಬಿಟ್ಟರೂ ಅದು ಬಿಡುವುದಿಲ್ಲ. ಮೇಷ್ಟರ ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ಮಡ್ಕಯಿ ಎಂಬ ಊರಿನ ಕಾರ್ಖಾನೆಯಲ್ಲಿ ನೌಕರಿಯಿದ್ದ ನನ್ನ ಹೆಂಡತಿ ಸುಮಿತ್ರೆಯೊಡನೆ ನೆಲೆಸಿದ ಮೇಲೆ, ನೆಟ್ಟಗೆ ಮಾಡಲು ನನಗೆ ಉಳಿದದ್ದು ಗೋಡೆಯ ಕ್ಯಾಲೆಂಡರು ಮತ್ತು ನನ್ನದೇ ಕೊರಳು. ಕೊರಳುನೋವಿಗೆ ವೈದ್ಯರು ಕೊರಳಪಟ್ಟಿ ಕೊಟ್ಟು, ಸಡಿಲವಾಗಿ ಕಟ್ಟಿಕೊಳ್ಳಿ ಎಂದಿದ್ದರು. ಸಡಿಲವಾದದ್ದು ಚಿಕಿತ್ಸೆ ಹೇಗಾದೀತೆಂದು ನಾನು ಬಿಗಿದೇ ಕಟ್ಟಿಕೊಂಡೆ.

ಅಷ್ಟರಲ್ಲಿ ಚಂಪಿ ಬಂದಳು; ಮದುವೆ ಮೆರವಣಿಗೆಯ ಕುದುರೆ. ಕಡಲದಂಡೆಯ ಬಾಯ್ನಾದಲ್ಲಿದ್ದ ಗುಡಿಸಲನ್ನು ಕೆಡವಿದ ಮೇಲೆ ಊರಿಗೆ ಹೊರಟಿದ್ದ ಅವಳ ಒಡೆಯ ಯಲ್ಲಪ್ಪ ಅವಳನ್ನು ನಮ್ಮ ಹಿತ್ತಲಲ್ಲಿ ಕಟ್ಟಿ, ದೀಪಾವಳಿಗೆ ಬರುತ್ತೇನೆಂದ. “ಅಷ್ಟರಾಗ ಅಕ್ಕಾರು ಇದರ ಮ್ಯಾಲ ಆರಾಮ ಕುಂತು ಅಡ್ಡಾಡಿದ್ರ ಕುದುರಿ ನಿಮ್ದ. ಇಲ್ಲಂದ್ರ ಬ್ಯಾಂಡಿನವ್ರು ಕೇಳಾಕತ್ತಾರ್ರೀ.” ಸುಮಿತ್ರೆಯ ತಂದೆ ಬೆಳಗಾವಿಯಲ್ಲಿ ಟಾಂಗಾ ಓಡಿಸುತ್ತಿದ್ದರು. ಕುದುರೆಗೆ ಹುಲ್ಲು ಹಾಕುವುದು, ಮೈ ತೊಳೆಯುವುದು ಮಗಳ ಕೆಲಸ. ಹತ್ತುವುದು ಮಾತ್ರ ಹೆಣ್ಣುಮಕ್ಕಳಿಗೆ ಸಲ್ಲದ್ದು. ಮೊಣಕಾಲು ಕೈಕೊಡುವ ಮೊದಲು ಒಂದು ಸುತ್ತಾದರೂ ಸವಾರಿ ಮಾಡಬೇಕೆಂಬುದು ಅವಳ ಆಸೆ. ಚಂಪಿಗೋ ತಲೆಯೆತ್ತಿ ಕುಣಿಯುವುದಷ್ಟೇ ಗೊತ್ತು.

ಸವಾರಿ ಬಲ್ಲ ಪರಿಚಿತರೊಬ್ಬರು ಪಕ್ಕಲಗಾಮು ಕೊಟ್ಟರು: ಬಾಯಿಯ ಕಡಿವಾಣದಿಂದ ಹೊಟ್ಟೆಯ ಪಟ್ಟಿಗೆ ಎರಡೂ ಬದಿ ಬಿಗಿಯುವ ಚರ್ಮದ ಪಟ್ಟಿಗಳು. ಮೊದಮೊದಲು ಉದ್ದವಾಗಿ ಬಿಡಿ ಎಂದರು. ಆ ಮಾತನ್ನೂ ನಾನು ವೈದ್ಯರ ಮಾತಿನ ಸಾಲಿಗೇ ಸೇರಿಸಿದೆ. ಅಳತೆಪಟ್ಟಿ ಹಿಡಿದು ಎರಡೂ ಬದಿ ಸಮನಾಗಿ, ಗಿಡ್ಡವಾಗಿ ಬಿಗಿದೆ. ಚಂಪಿ ತನಿಖಾಧಿಕಾರಿ ಬಂದ ದಿನದ ವಿದ್ಯಾರ್ಥಿನಿಯಂತೆ ಗದ್ದ ಎದೆಗಂಟಿಸಿ ನಿಂತಳು. ನಡೆ ಎಂದೆ. ನಡೆದಳು, ಆದರೆ ಹಿಂದಕ್ಕೆ. ಬಹಳ ಗಾಂಭೀರ್ಯದಿಂದ ದಾಸವಾಳ ದಾಟಿ, ಬಟ್ಟೆ ಒಣಹಾಕಿದ ಹಗ್ಗಕ್ಕೆ ಹಿಂಭಾಗ ತಾಗಿಸಿ, ಸುಮಿತ್ರೆಯ ಸೀರೆ ಹೊದ್ದು ನಿಂತಳು.

ಕೆಲಸ ಮುಗಿಸಿ ಬಂದ ಸುಮಿತ್ರೆ ನಗಲಿಲ್ಲ. “ಮಾರಿ ಚಾಚಾಕ ಜಾಗಾನ ಬಿಟ್ಟಿಲ್ಲಲ್ರೀ. ಮುಂದಿನ ಬಾಗಲಾ ಹಾಕಿದ್ರ ಅದು ಹಿಂದ ಹೋಗದ ಏನ್ ಮಾಡ್ಬೇಕು? ಇದು ನಿಮ್ಮ ಸಾಲಿ ಅಲ್ಲ, ಹಿತ್ತಲ.” ಪಟ್ಟಿಗಳನ್ನು ಉದ್ದ ಮಾಡಿ, ದಿನವೂ ಸಂಜೆ ಹಗ್ಗ ಹಿಡಿದು ಸುತ್ತು ನಡೆಸಿದಳು. ಸಲಿಗೆಯಿಂದ ಕುದುರೆ ಕೆಡುತ್ತದೆಂದು ನಾನು ಎಚ್ಚರಿಸುತ್ತಲೇ ಇದ್ದೆ. ಚಂಪಿಯ ಕೊರಳು ತಾನಾಗಿಯೇ ಇಳಿಯುತ್ತ ಬಂತು.

ದೀಪಾವಳಿಗೆ ಯಲ್ಲಪ್ಪ ಬಂದ. ಸುಮಿತ್ರೆ ಪಕ್ಕಲಗಾಮನ್ನು ಪೂರ್ತಿ ಬಿಚ್ಚಿ, ಒಗೆಯುವ ಕಲ್ಲಿನ ಮೇಲಿಂದ ಹತ್ತಿ ಕೂತಳು. ಪಕ್ಕದ ಓಣಿಯಲ್ಲಿ ಪಟಾಕಿ ಸಿಡಿಯಿತು. ಚಂಪಿ ತಲೆಯೆತ್ತಿ ಕಾಲು ಕುಣಿಸಿದಳು. ಲಗಾಮು ಎಳೆ ಎಂದು ನಾನು ಕೂಗಿದೆ. ಸುಮಿತ್ರೆ ಕೈಯಲ್ಲಿದ್ದ ಲಗಾಮನ್ನು ಎಳೆಯಲಿಲ್ಲ, ಇನ್ನಷ್ಟು ಬಿಟ್ಟಳು. ಕ್ಷಣ ಕಳೆದು ಚಂಪಿ ಉಸಿರು ಬಿಟ್ಟು, ಕೊರಳು ಚಾಚಿ, ಮುಂದೆ ನಡೆದಳು.

“ಇದರ ಮೆರವಣಿಗಿ ಮುಗೀತ್ರೀ ಅಕ್ಕಾರ,” ಎಂದ ಯಲ್ಲಪ್ಪ. “ಇನ್ನ ನಿಮ್ಮ ಮನಿ ಮಗಳು.”

ನನಗೆ ಹೆಂಡತಿಯ ಮುಖ ನೋಡಬೇಕಿತ್ತು. ಅವಳು ಎತ್ತರದಲ್ಲಿ, ನನ್ನ ಕೊರಳಪಟ್ಟಿಯೋ ತಲೆಯೆತ್ತಲು ಬಿಡದು. ಸಂತೋಷಕ್ಕೆ ಮಡಚಿದ ಅವಳ ಕಾಲ್ಬೆರಳುಗಳಷ್ಟೇ ಕಾಣುತ್ತಿದ್ದವು. ಮುಖ ಕಂಡೀತೆಂದು ಒಂದೊಂದೇ ಹೆಜ್ಜೆ ಹಿಂದೆ ಸರಿದೆ, ದಾಸವಾಳ ದಾಟಿದೆ. ಬಟ್ಟೆಯ ಹಗ್ಗ ಬೆನ್ನಿಗೆ ತಾಗಿ, ಒದ್ದೆ ಸೀರೆ ಹೆಗಲ ಮೇಲೆ ಬಿತ್ತು.

ಸುಮಿತ್ರೆ ಚಂಪಿಯನ್ನು ನನ್ನ ಬಳಿ ನಿಲ್ಲಿಸಿ ಬಾಗಿದಳು. ಕೊರಳಪಟ್ಟಿಯೊಳಗೆ ಎರಡು ಬೆರಳು ತೂರಿಸಲು ನೋಡಿದಳು, ತೂರಲಿಲ್ಲ. ಅದನ್ನು ಸಡಿಲಿಸಿದಳು.

“ಈಗ ಮುಂದ ಬರ್ರಿ,” ಎಂದಳು.