ತಲೆಕ್ ಹೊಳೆದಂಡೆಯ ಚಿರತೆಯಮ್ಮನವರ ಸನ್ನಿಧಿಗೆ

ಮಾನ್ಯರೇ,

ತಾವು ಕ್ಷೇಮ, ಮರಿಗಳ ಹೊಟ್ಟೆ ತುಂಬಿದೆ, ಮಾರಾ ಬಯಲಿನ ಹುಲ್ಲು ತಮ್ಮನ್ನು ಎಂದಿನಂತೆ ಮರೆಮಾಡುತ್ತಿದೆ ಎಂದು ನಂಬಿ, ಮೂವತ್ತೊಂದು ವರ್ಷಗಳಿಂದ ತಮ್ಮನ್ನು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ಸಫಾರಿ ಚಾಲಕ ಕೊಯಿಕಾಯ್ ಓಲೆ ಸಂಕೇಯ್ ಸವಿನಯವಾಗಿ ಬರೆದುಕೊಳ್ಳುವುದೇನೆಂದರೆ, ಕಳೆದ ಗುರುವಾರ ತಾವು ನನ್ನ ಮಾನ ಕಳೆದ ರೀತಿ ಬಹಳ ಅಚ್ಚುಕಟ್ಟಾಗಿತ್ತು.

ಈ ಹಂಗಾಮಿನಲ್ಲಿ ಒಮ್ಮೆಯೂ ತಾವು ನನಗೆ ದರ್ಶನ ಕೊಡದಿದ್ದುದರಿಂದ ನಮ್ಮ ಬಿಡಾರದ ಮ್ಯಾನೇಜರಮ್ಮ ಒಂದು ಮಾತು ಹೇಳಿದ್ದರು: ಗುರುವಾರದೊಳಗೆ ಅತಿಥಿಗಳಿಗೆ ಚಿರತೆ ತೋರಿಸದಿದ್ದರೆ ಗಾಡಿಯ ಕೀಲಿ ಒಪ್ಪಿಸಿ, ನಾನು ಕೆಂಪು ಹೊದಿಕೆ ಹೊದ್ದು, ಗೇಟಿಗೆ ಬರುವ ಅತಿಥಿಗಳೆದುರು ನೆಗೆದು ಕುಣಿಯಬೇಕು. ನೆಗೆದು ಕುಣಿಯುವುದು ನಮ್ಮ ಬುಡಕಟ್ಟಿನಲ್ಲಿ ಬಿಸಿರಕ್ತದ ಯುವಕರ ಕೆಲಸ. ಅರವತ್ನಾಲ್ಕರ ನಾನು ನೆಗೆದರೆ ನನ್ನ ಓರಗೆಯವರು ಮರದ ನೆರಳಲ್ಲಿ ಕೂತು ಸಾಯುವವರೆಗೂ ನಗುತ್ತಾರೆ. ನನ್ನ ಮಂಡಿಗಳಂತೂ ಮೊದಲ ನೆಗೆತಕ್ಕೇ ರಾಜೀನಾಮೆ ಕೊಡುತ್ತವೆ.

ಆ ಗುರುವಾರ ಮಧ್ಯಾಹ್ನ, ದೂರದೇಶದ ಅಜ್ಜ-ಅಜ್ಜಿ ದಂಪತಿಯನ್ನು ಕೂರಿಸಿಕೊಂಡು ಸುತ್ತಿ ಸುತ್ತಿ ಸೋತು, ಬಯಲಿನಲ್ಲಿ ಗಾಡಿ ನಿಲ್ಲಿಸಿ ಒಂದು ಚಿಟಿಕೆ ನಸ್ಯ ಏರಿಸಿದೆ. ಸೀನು ಬರಲಿ ಎಂದು ದೂರದ ಅತ್ತಿಮರವನ್ನೇ ದಿಟ್ಟಿಸುತ್ತಿದ್ದಾಗ ಒಂದು ಗಾಡಿ ಬಂದು ನಿಂತಿತು. ಆಮೇಲೆ ಇನ್ನೊಂದು, ಮತ್ತೆ ಮೂರು, ಕೊನೆಗೆ ಹನ್ನೊಂದು. ಈ ಮುದುಕನ ಕಣ್ಣಿನ ಮೇಲೆ ಇವರಿಗೆಲ್ಲ ಇನ್ನೂ ಎಷ್ಟು ನಂಬಿಕೆ ಎಂದು ನನ್ನ ಎದೆ ಉಬ್ಬಿತು. ನಾನು ಮರವನ್ನು ಇನ್ನಷ್ಟು ಗಂಭೀರವಾಗಿ ನೋಡಿದೆ.

ಅಷ್ಟರಲ್ಲಿ ಆ ಗಾಡಿಗಳ ಯುವಕರು ಒಬ್ಬೊಬ್ಬರಾಗಿ ನನ್ನ ಕಡೆಗೆ ತಲೆ ಬಗ್ಗಿಸತೊಡಗಿದರು. ಹಿರಿಯರನ್ನು ಕಂಡಾಗ ಕಿರಿಯರು ತಲೆಬಾಗುವುದು, ಹಿರಿಯರು ಆ ತಲೆ ಮುಟ್ಟಿ ಹರಸುವುದು ನಮ್ಮ ರೂಢಿಯಲ್ಲವೇ? ಕೈಗೆಟುಕದಷ್ಟು ದೂರವಿದ್ದುದರಿಂದ ನಾನು ಅಂಗೈ ಎತ್ತಿ ಅತ್ತ ಇತ್ತ ತಿರುಗುತ್ತಾ, ಹನ್ನೊಂದು ಗಾಡಿಗಳಿಗೂ ಹಸುಕರು ಹೆಚ್ಚಲಿ ಎಂದು ಹರಸಿದೆ.

ಆಗ ಗಾಡಿಯ ರೇಡಿಯೊದಲ್ಲಿ, ಆ ಚಾಲಕರಲ್ಲೊಬ್ಬನಾದ ನನ್ನ ತಂಗಿಯ ಅಳಿಯ ಪರ್ಸಾಲೊಯಿ ಪಿಸುಗುಟ್ಟಿದ: "ಮಾವಾ, ಆಶೀರ್ವಾದ ಸಾಕು! ಕೆಳಗೆ ನೋಡ್ರೀ, ಅದು ನಿಮ್ಮ ಗಾಡಿ ಅಡೀಲೇ ಮಲಗೈತೆ!"

ನಾನು ಕಿಟಕಿಯಿಂದ ಬಗ್ಗುವಷ್ಟರಲ್ಲಿ ತಾವು ಎದ್ದು, ಮೈಮುರಿದು, ಹಿಂಬದಿಯಿಂದ ಹುಲ್ಲಿಗೆ ದಯಮಾಡಿಸಿದ್ದಿರಿ. ನಮಗೆ ಮೂವರಿಗೂ ಸಿಕ್ಕಿದ್ದು ಅಲುಗುವ ಹುಲ್ಲು ಮಾತ್ರ. ಉಳಿದವರಿಗೆಲ್ಲ ಚಿತ್ರ ಸಿಕ್ಕಿತು: ಕೆಳಗೆ ತಾವು ನಿದ್ದೆಯಲ್ಲಿ, ಮೇಲೆ ನಾನು ಆಶೀರ್ವಾದದಲ್ಲಿ.

ಸಂಜೆ ನಾನು ಕೀಲಿ ಹಿಡಿದು ನಿಂತಿದ್ದಾಗ ಮ್ಯಾನೇಜರಮ್ಮ ಅತಿಥಿಗಳನ್ನೇ ಕೇಳಿದರು: "ನಿಜ ಹೇಳಿ, ಚಿರತೆ ನೋಡಿದ್ರಾ?" ಅಜ್ಜಿ ಗಂಡನ ಮುಖ ನೋಡಿ, "ನೋಡ್ಲಿಲ್ಲಮ್ಮ. ಆದ್ರೆ ಇಷ್ಟು ಹತ್ತಿರದಿಂದ ನೋಡದೇ ಇದ್ದವರು ಇಡೀ ಆಫ್ರಿಕಾದಲ್ಲಿ ನಾವೇ. ಮುಂದಿನ ವರ್ಷಾನೂ ಇವರ ಗಾಡಿನೇ ಬೇಕು" ಎಂದರು. ಮ್ಯಾನೇಜರಮ್ಮ ನಗು ತಡೆಯಲಾರದೆ ಕೀಲಿಯನ್ನು ನನ್ನ ಕೈಗೇ ತುರುಕಿದರು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಲ ನನ್ನ ನೆರಳಿಗೆ ಬಂದಾಗ ದಯವಿಟ್ಟು ತಳದ ತಗಡಿಗೆ ಎರಡು ಸಲ ಬಾಲ ಬಡಿಯಿರಿ. ಸಾಧ್ಯವಾದರೆ ಮುಂದಿನ ಸೀಟಿಗೇ ಬನ್ನಿ.

ತಮ್ಮನ್ನು ಕಾಣದೆಯೂ ಹರಸಿದ,
ತಮ್ಮ ವಿಶ್ವಾಸಿ,
ಕೊಯಿಕಾಯ್ ಓಲೆ ಸಂಕೇಯ್

ಮರೆತ ಮಾತು: ನಿನ್ನೆ ನಾರೋಕ್ ಪಟ್ಟಣದ ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಹಿಂದಿನ ನಾಲ್ಕು ವರ್ಷ ನಾನು ದೂರದಿಂದ ತೋರಿಸಿ ಚಪ್ಪಾಳೆ ಗಿಟ್ಟಿಸಿದ, ಈ ವರ್ಷ ಕಣ್ಣು ಇನ್ನಷ್ಟು ಮಂಜಾಗಿ ನನಗೇ ಕಾಣದೆ ಹೋದ ಚಿರತೆ ಆ ಅತ್ತಿಮರದ ಒಂದು ಗಂಟು ಎಂದು ಈಗ ತಿಳಿಯಿತು. ಬೇಸರಿಸಬೇಡಿ, ಕೆಲಸದಲ್ಲಿ ಅದು ತಮಗಿಂತ ಶ್ರದ್ಧೆಯುಳ್ಳದ್ದು. ಒಂದು ದಿನವೂ ಗೈರುಹಾಜರಾಗಿಲ್ಲ.