ಬೇಸರಗೊಂಡ ಮಕ್ಕಳು ಶಾಲಾ ಗಂಟೆ ಹೊಡೆಯುವ ಕುರಿತು

ಪ್ರಾಥಮಿಕ ಶಾಲಾ ಮಕ್ಕಳ ಮನೋಲ್ಲಾಸ ಶಾಖೆ
(ಕಳೆದ ವರ್ಷದವರೆಗೆ: ಬೆಂಚು ಮತ್ತು ಮೇಜು ಶಾಖೆ)

ಸಂಖ್ಯೆ: ಮನೋ/ಬೇಸರ/ಗಂಟೆ/ತಿದ್ದುಪಡಿಯ ತಿದ್ದುಪಡಿ

ವಿಷಯ: ಮನಸ್ಸು ಸರಿಯಿಲ್ಲದ ವಿದ್ಯಾರ್ಥಿಗಳೇ ಶಾಲಾ ಗಂಟೆ ಹೊಡೆಯುತ್ತಿರುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
1. "ಎಲ್ಲ ಮಕ್ಕಳೂ ಬೆಳಗಿನ ಹಾಜರಿಯೊಳಗೆ ಸಂತೋಷಗೊಂಡಿರತಕ್ಕದ್ದು" ಎಂಬ ಈ ಕಚೇರಿಯ ಹಿಂದಿನ ಸುತ್ತೋಲೆ.
2. ಶಾಲೆಯ ಎದುರಿನ ಗಡಿಯಾರ ರಿಪೇರಿಯವರ ದೂರು.
3. ತಪಾಸಣಾಧಿಕಾರಿಯವರಿಗೆ ತಪ್ಪಿಹೋದ ಸಂಜೆಯ ಬಸ್ಸು.

ಪ್ರಸ್ತಾವನೆ:

ಕೆಳಗೆ ಸಹಿ ಮಾಡಬೇಕಾಗಿರುವ ತಪಾಸಣಾಧಿಕಾರಿಯವರು (ಇನ್ನು ಮುಂದೆ 'ಅಧಿಕಾರಿಯವರು') ಇತ್ತೀಚೆಗೆ ಒಂದು ಪ್ರಾಥಮಿಕ ಶಾಲೆಗೆ ಭೇಟಿ ನೀಡಿದ್ದು, ಹೊತ್ತು ಮೀರಿದರೂ ಶಾಲೆ ಬಿಡುವ ಗಂಟೆ ಹೊಡೆಯದಿರುವುದು ಅವರ ಗಮನಕ್ಕೆ ಬಂದಿರುತ್ತದೆ. ವಿಚಾರಿಸಲಾಗಿ, ಆ ಶಾಲೆಯಲ್ಲಿ ಗಂಟೆ ಹೊಡೆಯುವುದು ಜವಾನರಲ್ಲವೆಂದೂ, ಯಾವ ಮಗುವಿನ ಮನಸ್ಸು ಸರಿಯಿಲ್ಲವೋ ಆ ಮಗು ವರಾಂಡಕ್ಕೆ ಹೋಗಿ ಹಗ್ಗ ಎಳೆಯುವುದು ವಾಡಿಕೆಯೆಂದೂ ತಿಳಿದುಬಂದಿರುತ್ತದೆ. ವಾಡಿಕೆ ಶುರುಮಾಡಿದ ಎರಡನೇ ತರಗತಿಯ ಮೇಡಂ ನೀಡಿದ ಹೇಳಿಕೆ: "ಅಳೋ ಮಗೂಗೆ ಅಳಬೇಡ ಅಂದ್ರೆ ಇನ್ನೂ ಜೋರಾಗಿ ಅಳುತ್ತೆ ಸಾರ್. ಹೋಗಿ ಗಂಟೆ ಹೊಡಿ ಅಂದ್ರೆ, ತಾನು ಹಗ್ಗ ಎಳೆದಿದ್ದಕ್ಕೆ ಇಡೀ ಶಾಲೆ ಎದ್ದು ನಿಂತಿತಲ್ಲ ಅಂತ ಕಣ್ಣರಳಿಸಿ ನೋಡುತ್ತೆ. ಆಮೇಲೆ ಅಳು ಎಲ್ಲಿಂದ ಬರಬೇಕು?" ಈ ಹೇಳಿಕೆಯನ್ನು ಅಧಿಕಾರಿಯವರು ಒಪ್ಪಿರುವುದಿಲ್ಲ. ಆ ವೇಳೆಗೆ ಅವರ ಬಸ್ಸು ಹೋಗಿಯಾಗಿತ್ತು.

ಅಂದಿನ ಸರದಿ 'ಬಟಾಣಿ' ಎಂದು ಕರೆಯಲಾಗುವ ಎರಡನೇ ತರಗತಿಯ ಬಾಲಕಿಯದು. ದಿನವೂ ಶಾಲೆಗೆ ಬಿಟ್ಟು, ಸಂಜೆ ಗೇಟಿನ ಬಳಿ ಕಾದು ನಿಲ್ಲುತ್ತಿದ್ದ ಅಜ್ಜಿ ತೀರಿಕೊಂಡಂದಿನಿಂದ ಈಕೆ ಶಾಲೆಯಲ್ಲಿ ತುಟಿಪಿಟಕ್ಕೆಂದಿರುವುದಿಲ್ಲ. ಸರದಿ ಬಂದಾಗ ಹಗ್ಗ ಹಿಡಿಯುತ್ತಾಳೆ, ನಿಲ್ಲುತ್ತಾಳೆ, ಕತ್ತಲಾಗುವವರೆಗೆ ಎಳೆಯುವುದಿಲ್ಲ. ಅವಳ ಸರದಿಯಲ್ಲಿ ಇನ್ನೊಬ್ಬರು ಗಂಟೆ ಮುಟ್ಟಬಾರದೆಂದು ಮಕ್ಕಳೇ ಒಮ್ಮತದಿಂದ ತೀರ್ಮಾನಿಸಿರುವ ಕಾರಣ, ಇಡೀ ಶಾಲೆ ಚೀಲ ಬೆನ್ನಿಗೇರಿಸಿಕೊಂಡು ಗಣಿತ ಮಾಡುತ್ತ ಕುಳಿತಿತ್ತು. ಐದನೇ ತರಗತಿಯ ಪುಂಡರು ಸಹ ಕೇಳದೆಯೇ ಮಗ್ಗಿ ಹೇಳುತ್ತಿದ್ದರೆಂದರೆ ಪರಿಸ್ಥಿತಿ ಎಷ್ಟು ಕೈಮೀರಿತ್ತೆಂದು ಊಹಿಸಬಹುದಾಗಿದೆ.

ಆದ್ದರಿಂದ ಎಲ್ಲ ಶಾಲೆಗಳಿಗೂ ಈ ಮೂಲಕ ಸೂಚಿಸಲಾಗಿದೆ:

1. ಗಂಟೆ ಬಯಸುವ ವಿದ್ಯಾರ್ಥಿಯು ತನ್ನ ಬೇಸರವನ್ನು ಹಿಂದಿನ ದಿನವೇ ತಿಳಿಸತಕ್ಕದ್ದು. ದಿಢೀರ್ ಬೇಸರಕ್ಕೆ ಅವಕಾಶವಿರುವುದಿಲ್ಲ.

2. ಬೇಸರವು ಸ್ವಂತದ್ದಾಗಿರತಕ್ಕದ್ದು. ತಮ್ಮನ ಬೇಸರ, ನಾಯಿಮರಿಯ ಬೇಸರ ಇತ್ಯಾದಿ ಹೊತ್ತು ತಂದಲ್ಲಿ ಸಂಬಂಧಪಟ್ಟವರನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು. (ಇದನ್ನು ಪ್ರಾರ್ಥನೆಯ ವೇಳೆ ಓದಿ ಹೇಳಿದ ಮರುದಿನ ಶಾಲೆಯ ತುಂಬ ನಾಯಿಮರಿಗಳು ಹಾಜರಿದ್ದು, ಒಂದು ಮರಿ ಅಧಿಕಾರಿಯವರ ಬಲಗಾಲಿನ ಚಪ್ಪಲಿಯೊಂದಿಗೆ ನಿರ್ಗಮಿಸಿರುವುದರಿಂದ, ಎರಡನೇ ವಾಕ್ಯವನ್ನು ಹಿಂಪಡೆಯಲಾಗಿದೆ.)

3. ಇಬ್ಬರಿಗೆ ಏಕಕಾಲದಲ್ಲಿ ಬೇಸರವಾದಲ್ಲಿ ಜ್ಯೇಷ್ಠತೆಯನ್ನು ಪರಿಗಣಿಸತಕ್ಕದ್ದು. ಒಬ್ಬರ ಮೇಲೊಬ್ಬರಿಗೆ ಬೇಸರವಾಗಿದ್ದಲ್ಲಿ ಇಬ್ಬರೂ ಒಂದೇ ಹಗ್ಗ ಹಿಡಿಯತಕ್ಕದ್ದು. ಹಾಗೆ ಹಿಡಿದಿರುವಾಗ ಮೊದಲು ಕಿಸಕ್ಕನೆ ನಕ್ಕವರ ಬೇಸರ ಅನೂರ್ಜಿತವಾಗುತ್ತದೆ.

4. ಗಂಟೆ ಕೈತಪ್ಪಿದ್ದರಿಂದ ಜವಾನರಿಗೆ ಬೇಸರವಾಗಿದ್ದು, ಆ ಬೇಸರದ ಆಧಾರದ ಮೇಲೆ ಗಂಟೆ ಕೇಳಿ ಪಡೆದು, ಹೊಡೆದು, ಸಂತೋಷಗೊಂಡು, ಸಂತೋಷಗೊಂಡ ಕಾರಣ ಅರ್ಹತೆ ಕಳೆದುಕೊಂಡು, ಪುನಃ ಬೇಸರಗೊಂಡಿರುತ್ತಾರೆ. ಈ ವಿಷಯ ಪರಿಶೀಲನೆಯಲ್ಲಿದೆ.

5. ಗಂಟೆ ಬಯಸುವ ಮುಖ್ಯೋಪಾಧ್ಯಾಯರು ಸಾಲಿನಲ್ಲಿ ಮಕ್ಕಳ ಹಿಂದೆ ನಿಲ್ಲತಕ್ಕದ್ದು. ಬೇಸರಕ್ಕೆ ಕಾರಣವಾಗಿ ಅಧಿಕಾರಿಯವರತ್ತ ಬೆರಳು ತೋರಿಸತಕ್ಕದ್ದಲ್ಲ.

6. ಗಡಿಯಾರ ರಿಪೇರಿಯವರು ಶಾಲೆಯ ಗಂಟೆ ಕೇಳಿ ಗಡಿಯಾರ ಸರಿಮಾಡುವ ಅಭ್ಯಾಸವುಳ್ಳವರಾಗಿದ್ದು, ಅವರಿಂದಾಗಿ ಇಡೀ ಬೀದಿಯ ಮುಳ್ಳುಗಳು ಮಕ್ಕಳ ಮನಸ್ಥಿತಿಯಂತೆ ತಿರುಗುತ್ತಿವೆ. ಕ್ಷೌರದಂಗಡಿಯು ಗಿರಾಕಿಯ ಅರ್ಧ ಗಡ್ಡ ಬಾಕಿಯಿರುವಾಗಲೇ ಬಾಗಿಲು ಹಾಕಿರುವ ಬಗ್ಗೆ ಅರ್ಧ ಗಡ್ಡದವರು ಖುದ್ದಾಗಿ ಬಂದು ದೂರಿರುತ್ತಾರೆ. ಬೀದಿಯವರು ಸದ್ಯಕ್ಕೆ ಹೊಂದಿಕೊಂಡು ಹೋಗತಕ್ಕದ್ದು.

7. ಹಗ್ಗ ಹಿಡಿದ ಎರಡು ನಿಮಿಷದೊಳಗೆ ಎಳೆಯದಿದ್ದಲ್ಲಿ ಬೇಸರ ಮುಗಿದಿದೆಯೆಂದು ಪರಿಗಣಿಸಿ, ಮಗುವಿನ ಕೈಯಿಂದ ಹಗ್ಗ ಬಿಡಿಸಿ, ಮುಂದೆಂದೂ ಅದಕ್ಕೆ ಸರದಿ ನೀಡತಕ್ಕದ್ದಲ್ಲ.

ಷರತ್ತು 7ರ ಜಾರಿ ಕುರಿತ ವರದಿ:

ಈ ಷರತ್ತಿನಂತೆ ಬಟಾಣಿಯ ಸರದಿ ಶಾಶ್ವತವಾಗಿ ರದ್ದಾಗುವುದಿತ್ತು. ಮೇಡಂ ಬೇಡವೆಂದು ಬೇಡಿಕೊಂಡರೂ ಪಟ್ಟು ಬಿಡದ ಅಧಿಕಾರಿಯವರು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು, ಒಂದು ಸಂಜೆ ತಾವೇ ವರಾಂಡದಲ್ಲಿ ನಿಂತಿರುತ್ತಾರೆ. ಬಾಲಕಿ ಹಗ್ಗ ಹಿಡಿದಳು. ಅವಧಿ ಮುಗಿಯಿತು. ಬಿಡಿಸುವ ಸಲುವಾಗಿ ಅಧಿಕಾರಿಯವರು ಹಗ್ಗಕ್ಕೆ ಕೈಹಾಕಿದರು. ಆ ಶಾಲೆಯಲ್ಲಿ ಮನಸ್ಸು ಸರಿಯಿಲ್ಲದವರ ಹೊರತು ಯಾರೂ ಹಗ್ಗ ಮುಟ್ಟುವುದಿಲ್ಲವೆಂಬುದನ್ನು ಅವರು ಮರೆತಿದ್ದರು. ಬಾಲಕಿ ಕತ್ತೆತ್ತಿ ಅವರ ಮುಖ ನೋಡಿ ಕೇಳಿರುತ್ತಾಳೆ:

"ನಿಮ್ಮ ಅಜ್ಜೀನೂ ಹೋಗ್ಬಿಟ್ರಾ?"

ಈ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ನಿಯಮವಿರುವುದಿಲ್ಲ. ಅಧಿಕಾರಿಯವರ ಅಜ್ಜಿ ಹೋಗಿ ಬಹಳ ವರ್ಷಗಳಾಗಿದ್ದವು. ಯಾರೂ ಹೀಗೆ ಕೇಳಿರಲಿಲ್ಲ. ಹೂಂ ಎಂದಷ್ಟೇ ಅಂದಿರುತ್ತಾರೆ.

"ಗಂಟೆ ಹೊಡೆದ್ರೆ ಶಾಲೆ ಬಿಟ್ಬಿಡುತ್ತೆ," ಎಂದು ಬಾಲಕಿ ತಿಳಿಸಿರುತ್ತಾಳೆ. "ಗೇಟಲ್ಲಿ ಅಜ್ಜಿ ಇರಲ್ಲ. ಅಪ್ಪ ಬರೋದು ಲೇಟು."

ಅಪ್ಪ ಬರುವವರೆಗೆ ತಾವು ಗೇಟಿನಲ್ಲಿ ಜೊತೆಗಿರುವುದಾಗಿ ಅಧಿಕಾರಿಯವರು ಮೌಖಿಕವಾಗಿ ಒಪ್ಪಿಕೊಂಡ ನಂತರ, ಗಂಟೆ ಹೊಡೆಯಲಾಯಿತು. ಜೋರಾಗಿ ಹೊಡೆಯಲಾಯಿತು. ಇಡೀ ಶಾಲೆ ಎದ್ದು ನಿಂತಿತು. ಅಂದೂ ಅಧಿಕಾರಿಯವರ ಬಸ್ಸು ತಪ್ಪಿದ್ದು, ಈ ಬಗ್ಗೆ ಅವರ ದೂರೇನೂ ಇರುವುದಿಲ್ಲ.

ಆದ ಕಾರಣ ಷರತ್ತು 7ರ ಬದಲಿಗೆ ಕೆಳಗಿನಂತೆ ಓದಿಕೊಳ್ಳತಕ್ಕದ್ದು:

7. ಹಗ್ಗ ಹಿಡಿದ ಮಗು ಎಳೆಯುವವರೆಗೆ ಕಾಯತಕ್ಕದ್ದು. ಯಾಕೆ ಎಳೆಯುತ್ತಿಲ್ಲವೆಂದು ಪಕ್ಕದಲ್ಲಿ ನಿಂತು ಕೇಳತಕ್ಕದ್ದು. ಗೇಟಿನಲ್ಲಿ ಯಾರೂ ಇಲ್ಲದ ಮಗುವಿನ ಜೊತೆ ಯಾರಾದರೂ ಇರತಕ್ಕದ್ದು.

ಸಹಿ/-
(ಅಧಿಕಾರಿಯವರು ಸ್ಥಾನದಲ್ಲಿಲ್ಲ. ಗೇಟಿನ ಬಳಿ ಇದ್ದಾರೆ.)

ಪ್ರತಿಗಳು:
1. ಎಲ್ಲ ಮುಖ್ಯೋಪಾಧ್ಯಾಯರಿಗೆ, ಸಾಲಿನಲ್ಲಿ ನಿಂತೇ ಓದಿಕೊಳ್ಳಲು.
2. ಜವಾನರಿಗೆ, ಸಮಾಧಾನಕ್ಕಾಗಿ.
3. ಗಡಿಯಾರ ರಿಪೇರಿಯವರಿಗೆ, ಬೇರೆ ಗಂಟೆ ಹುಡುಕಿಕೊಳ್ಳುವ ಕೋರಿಕೆಯೊಂದಿಗೆ.
4. ಚಪ್ಪಲಿ ಒಯ್ದ ನಾಯಿಮರಿಗೆ, ಮರಳಿಸುವ ಕ್ರಮಕ್ಕಾಗಿ.
5. ಬಟಾಣಿಯ ಅಪ್ಪನಿಗೆ, ಓಡಿಬರಬೇಕಿಲ್ಲವೆಂಬ ಮಾಹಿತಿಗಾಗಿ.
6. ಬಟಾಣಿಗೆ. ಅವಸರವೇನಿಲ್ಲ.